ಸ್ಲೈಡಲ್ಲಿ ಹಂಗಿತ್ತಲ್ಲ ಸರ್: ಹೊಸ ವರ್ಷಕ್ಕೆ ನನ್ನ ಮೂರು ಗುರಿ

ಹೋದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಮುಗಿದು ಬ್ಲೂ ಬುಕ್ ತಿದ್ದುತ್ತಾ ಕೂತಿದ್ದೆ. ನೆಟ್‌ವರ್ಕ್ ಅನಾಲಿಸಿಸ್ ಪೇಪರ್. ಆರ್‌ಎಲ್ ಸರ್ಕ್ಯೂಟಿನ ಟೈಮ್ ಕಾನ್‌ಸ್ಟಂಟ್ ಬರೆಯಿರಿ ಅಂತ ಎರಡು ಅಂಕದ ಒಂದು ಪ್ರಶ್ನೆ. ಮೊದಲನೇ ಪುಸ್ತಕದಲ್ಲಿ ‘ಆರ್/ಎಲ್’ ಅಂತ ಇತ್ತು. ತಪ್ಪು ಅಂತ ಗೆರೆ ಎಳೆದೆ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಹತ್ತನೇ ಪುಸ್ತಕಕ್ಕೆ ಬರುವಷ್ಟರಲ್ಲಿ ‘ಎಲ್ಲರೂ ಕಾಪಿ ಹೊಡೆದಿದ್ದಾರೆ’ ಅಂತ ಸಿಟ್ಟು ಬಂತು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ನನ್ನ ಮೇಲೇ ಅನುಮಾನ ಬಂತು. ಲ್ಯಾಪ್‌ಟಾಪ್ ತೆಗೆದು ನನ್ನ ಪಿಪಿಟಿ ನೋಡಿದೆ. 14ನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ, ಸುತ್ತ ಕೆಂಪು ಚೌಕ ಹಾಕಿ, ‘ಆರ್/ಎಲ್’ ಅಂತ ಬರೆದಿದ್ದೆ. ನಾನೇ ಟೈಪ್ ಮಾಡಿದ್ದು. ನಾಲ್ಕು ವರ್ಷದಿಂದ ಅದೇ ಸ್ಲೈಡ್ ಹಾಕುತ್ತಾ ಬಂದಿದ್ದೇನೆ.

ಸರಿಯಾದ ಉತ್ತರ ಎಲ್/ಆರ್. ಕರೆಂಟಿನ ಸಮೀಕರಣದಲ್ಲಿ ಎಕ್ಸ್‌ಪೊನೆನ್ಷಿಯಲ್‌ನ ಘಾತಕ್ಕೆ ಆರ್/ಎಲ್ ಬರುತ್ತದೆ, ಅದನ್ನೇ ಕಣ್ಣು ತಪ್ಪಿ ಕೆಳಗೆ ಇಳಿಸಿಬಿಟ್ಟಿದ್ದೆ. ಈ ತಪ್ಪು ಹಿಡಿಯೋಕೆ ಡೆರಿವೇಶನ್ ಕೂಡ ಬೇಕಿಲ್ಲ. ಹೆನ್ರಿಯನ್ನು ಓಮ್‌ನಿಂದ ಭಾಗಿಸಿದರೆ ಸೆಕೆಂಡ್ ಬರುತ್ತದೆ. ತಿರುಗಿಸಿ ಭಾಗಿಸಿದರೆ ಸೆಕೆಂಡ್ ಹೋಗಿ ಕೆಳಗೆ ಕೂರುತ್ತದೆ, ಅದು ಕಾಲವೇ ಆಗೋದಿಲ್ಲ. ನಾಲ್ಕು ಬ್ಯಾಚಿನಲ್ಲಿ ಯಾರೂ ಕೈ ಎತ್ತಿ ಹೇಳಲಿಲ್ಲ. ನಾನೂ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಸ್ಲೈಡ್ ತಿದ್ದಿ, ಎಲ್ಲರಿಗೂ ಎರಡೆರಡು ಅಂಕ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಒಂದು ಪುಸ್ತಕದಲ್ಲಿ ಮೊದಲು ಎಲ್/ಆರ್ ಅಂತ ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಆರ್/ಎಲ್ ಅಂತ ಬರೆದಿತ್ತು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಹುಡುಗ. ಕ್ಲಾಸಿನಲ್ಲಿ ಹಿಂದಿನ ಬೆಂಚು, ಬಾಯಿ ಬಿಟ್ಟಿದ್ದು ಅಟೆಂಡೆನ್ಸಿಗೆ ಮಾತ್ರ. ಸ್ಟಾಫ್ ರೂಮಿಗೆ ಕರೆಸಿ ಕೇಳಿದೆ: “ಸರಿಯಾಗೇ ಬರೆದಿದ್ದೆಯಲ್ಲೋ, ಯಾಕೆ ಹೊಡೆದುಹಾಕಿದೆ?”

“ಸ್ಲೈಡಲ್ಲಿ ಹಂಗಿತ್ತಲ್ಲ ಸರ್.”

“ಮತ್ತೆ ಮೊದಲು ಎಲ್/ಆರ್ ಅಂತ ಯಾಕೆ ಬರೆದೆ?”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಕಬ್ಬಿನ ಲೋಡ್ ಇರೋ ಟ್ರ್ಯಾಕ್ಟರ್ ಸ್ಪೀಡ್ ತಗೊಳ್ಳೋಕೆ ಟೈಮ್ ಜಾಸ್ತಿ ಬೇಕಲ್ಲ ಸರ್. ಎಲ್ ಅಂದ್ರೆ ಆ ಲೋಡ್ ಇದ್ದಂಗೆ ಅನ್ಕೊಂಡಿದ್ದೆ. ಎಲ್ ಜಾಸ್ತಿ ಆದ್ರೆ ಟೈಮೂ ಜಾಸ್ತಿ ಆಗ್ಬೇಕು, ಅದಕ್ಕೆ ಮೇಲೆ ಬರೆದೆ.”

ಹನ್ನೊಂದು ವರ್ಷ ಪಾಠ ಮಾಡಿದ ನಾನು ಇಂಡಕ್ಟರ್ ಬಗ್ಗೆ ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. “ಇದನ್ನ ಕ್ಲಾಸಲ್ಲಿ ಯಾಕೆ ಕೇಳಲಿಲ್ಲ?” ಅಂದೆ. “ಇಂಗ್ಲಿಷಲ್ಲಿ ಹೆಂಗೆ ಕೇಳೋದು ಅಂತ ಗೊತ್ತಾಗಲಿಲ್ಲ ಸರ್” ಅಂದ.

ಅವನಿಗೆ ವಿಷಯ ಗೊತ್ತಿತ್ತು. ಗೊತ್ತಿದೆ ಅನ್ನೋ ಧೈರ್ಯ ಇರಲಿಲ್ಲ. ಆ ಧೈರ್ಯವನ್ನು ಕಿತ್ತುಕೊಂಡಿದ್ದು ನನ್ನ ಸ್ಲೈಡು ಮತ್ತು ನನ್ನ ಕ್ಲಾಸಿನ ಭಾಷೆ. ಹೊಸ ವರ್ಷಕ್ಕೆ ನಾನು ಹಾಕಿಕೊಂಡಿರುವ ಮೂರು ಗುರಿಗಳೂ ಆ ಹೊಡೆದುಹಾಕಿದ ಉತ್ತರದಿಂದ ಹುಟ್ಟಿದವು. ಅವನ್ನು ನಿಮ್ಮ ಮುಂದೆಯೇ ಬರೆದಿಡುತ್ತಿದ್ದೇನೆ. ಮನಸ್ಸಿನಲ್ಲೇ ಇಟ್ಟುಕೊಂಡ ಗುರಿಗಳ ಗತಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ಜನವರಿ ಮೂರನೇ ವಾರದ ಜಿಮ್ ನೋಡಿದವರಿಗೆಲ್ಲ ಗೊತ್ತು.

ನನ್ನ ಹಳೇ ದಾಖಲೆಯನ್ನೂ ಮೊದಲೇ ಹೇಳಿಬಿಡುತ್ತೇನೆ. ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಒಂದು ಪೆನ್ ಟ್ಯಾಬ್ಲೆಟ್ ತಗೊಂಡೆ. ಈಗ ಅದರ ಮೇಲೆ ಟೀ ಲೋಟ ಇಡುತ್ತೇನೆ. ಹೋದ ಜನವರಿ ಒಂದಕ್ಕೆ ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದೆ. ವರ್ಷಪೂರ್ತಿ ಬರೆದಿದ್ದು ಮೂರೇ ಮೂರು ಬರಹ. ಮೊದಲನೆಯದು ಹೊಸ ವರ್ಷದ ಶುಭಾಶಯ, ಎರಡನೆಯದು ಓಮ್‌ನ ನಿಯಮ, ಮೂರನೆಯದು ಬರೆಯೋಕೆ ತಡವಾಗಿದ್ದಕ್ಕೆ ಕ್ಷಮೆ.

ಮೊದಲನೇ ಗುರಿ: ಸ್ಲೈಡಿಗೆ ಕಡಿವಾಣ. ಬರುವ ಸೆಮಿಸ್ಟರಿನಲ್ಲಿ ಡೆರಿವೇಶನ್ ಎಲ್ಲ ಬೋರ್ಡ್ ಮೇಲೆ. ಚಿತ್ರ, ಗ್ರಾಫ್, ಸಿಮ್ಯುಲೇಶನ್ ತೋರಿಸೋಕೆ ಮಾತ್ರ ಪ್ರೊಜೆಕ್ಟರ್. ನನಗೆ ಸ್ಲೈಡಿನ ಮೇಲೆ ದ್ವೇಷ ಇಲ್ಲ. ಆರ್ ಬದಲಾಯಿಸಿದಾಗ ಕರೆಂಟಿನ ಗೆರೆ ಹೇಗೆ ಬಾಗುತ್ತದೆ ಅಂತ ಸಿಮ್ಯುಲೇಶನ್ ಒಂದು ನಿಮಿಷದಲ್ಲಿ ತೋರಿಸುತ್ತದೆ, ಚಾಕ್‌ಪೀಸ್ ತೋರಿಸಲಾರದು. ಆದರೆ ಬೋರ್ಡ್ ಮೇಲೆ ಬರೆಯುವಾಗ ನಾನೂ ಯೋಚನೆ ಮಾಡಲೇಬೇಕು. ನನ್ನ ಕೈ ತಡೆದಾಗ ನಿಮಗೂ ‘ಇಲ್ಲಿ ಏನೋ ಇದೆ’ ಅಂತ ಗೊತ್ತಾಗುತ್ತದೆ. ಸ್ಲೈಡಿನಲ್ಲಿ ಎಲ್ಲವೂ ಮೊದಲೇ ಸರಿಯಾಗಿ ಮುಗಿದುಹೋದ ಹಾಗೆ ಕಾಣುತ್ತದೆ, ತಪ್ಪು ಕೂಡ. ಇನ್ನು ಮೇಲೆ ನನ್ನ ಬೋರ್ಡಿನಲ್ಲೋ ಸ್ಲೈಡಿನಲ್ಲೋ ತಪ್ಪು ಹಿಡಿದು, ಯಾಕೆ ತಪ್ಪು ಅಂತ ಹೇಳಿದವರ ಹೆಸರು ಬೋರ್ಡಿನ ಮೂಲೆಯಲ್ಲಿ ಇಡೀ ವಾರ ಇರುತ್ತದೆ. ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ.

ಎರಡನೇ ಗುರಿ: ಪ್ರತಿ ಕ್ಲಾಸಿಗೆ ಒಂದು ಪ್ರಶ್ನೆ, ಎಲ್ಲರ ಉತ್ತರ. “ಅರ್ಥ ಆಯ್ತಾ?” ಅಂತ ನಾನು ಕೇಳುತ್ತೇನೆ, “ಆಯ್ತು ಸರ್” ಅಂತ ಮುಂದಿನ ಬೆಂಚಿನ ನಾಲ್ಕು ಜನ ಹೇಳುತ್ತಾರೆ. ಆ ನಾಲ್ಕು ಜನರ ಬಲದ ಮೇಲೆ ಸಿಲಬಸ್ ಓಡುತ್ತದೆ. ಇದು ನಮ್ಮ ಕಾಲೇಜಿನ ರೋಗ ಮಾತ್ರ ಅಂತ ತಿಳಿಯಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಝೂರ್ ಅನ್ನುವ ಫಿಸಿಕ್ಸ್ ಪ್ರೊಫೆಸರ್ ಇದ್ದಾರೆ. ಅವರ ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನೆಲ್ಲ ಸಲೀಸಾಗಿ ಬಿಡಿಸುತ್ತಿದ್ದರು. ಅವರಿಗೇ ನ್ಯೂಟನ್ನನ ನಿಯಮಗಳ ಬಗ್ಗೆ ಬರೀ ಮಾತಿನ ಸರಳ ಪ್ರಶ್ನೆ ಕೊಟ್ಟಾಗ ಬಹಳ ಜನ ತಡವರಿಸಿದರು. ಒಬ್ಬ ವಿದ್ಯಾರ್ಥಿನಿಯಂತೂ, ಇದಕ್ಕೆ ನೀವು ಕಲಿಸಿದ ಹಾಗೆ ಉತ್ತರ ಬರೆಯಬೇಕಾ, ನಾನು ಯೋಚಿಸುವ ಹಾಗೆ ಬರೆಯಬೇಕಾ ಅಂತ ಕೇಳಿದಳಂತೆ. ನಮ್ಮ ಟ್ರ್ಯಾಕ್ಟರ್ ಹುಡುಗ ಬ್ಲೂ ಬುಕ್ಕಿನಲ್ಲಿ ಕೇಳಿದ್ದೂ ಅದೇ ಪ್ರಶ್ನೆ ಅಲ್ಲವಾ?

ಮಝೂರ್ 1990ರ ದಶಕದ ಶುರುವಿನಲ್ಲಿ ಪಾಠದ ರೀತಿಯನ್ನೇ ಬದಲಾಯಿಸಿದರು. ಸ್ವಲ್ಪ ಹೊತ್ತು ಪಾಠ, ಆಮೇಲೆ ಆಯ್ಕೆಗಳಿರುವ ಒಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಒಪ್ಪಿಸಲು ನೋಡಬೇಕು. ಕೊನೆಗೆ ಇನ್ನೊಂದು ಸಲ ಉತ್ತರ ಕೊಡಬೇಕು. ಇದನ್ನು ಪೀರ್ ಇನ್‌ಸ್ಟ್ರಕ್ಷನ್ ಅಂತಾರೆ, 1997ರಲ್ಲಿ ಅವರು ಇದೇ ಹೆಸರಿನ ಪುಸ್ತಕ ತಂದರು. ಈಗಷ್ಟೇ ಅರ್ಥ ಮಾಡಿಕೊಂಡವನಿಗೆ ಎಲ್ಲಿ ತೊಡಕಾಗುತ್ತದೆ ಅಂತ ಚೆನ್ನಾಗಿ ನೆನಪಿರುತ್ತದೆ, ಮೇಷ್ಟ್ರಿಗೆ ಅದು ಮರೆತು ಎಷ್ಟೋ ವರ್ಷ ಆಗಿರುತ್ತದೆ. ಈ ವಿಧಾನ ಕೆಲಸ ಮಾಡುವುದು ಅದಕ್ಕೇ. ಇನ್ನೊಂದು ಲಾಭ ನಮಗೇ ವಿಶೇಷ: ಪಕ್ಕದವನ ಜೊತೆ ವಾದ ಮಾಡೋಕೆ ಯಾರೂ ಇಂಗ್ಲಿಷ್ ಕೇಳುವುದಿಲ್ಲ.

ನಿಮ್ಮ ಫೋನಿನಲ್ಲೇ ಕ್ವಿಜ್ ಮಾಡಬಹುದಲ್ಲ ಅಂತೀರಿ. ಒಂದು ಸಲ ಮಾಡಿ ನೋಡಿದೆ. ಮೂರು ಜನರ ಡೇಟಾ ಮುಗಿದಿತ್ತು, ಐದು ಜನರಿಗೆ ನೆಟ್‌ವರ್ಕ್ ಸಿಗಲಿಲ್ಲ, ಉಳಿದವರಲ್ಲಿ ಎಷ್ಟು ಜನ ಇನ್‌ಸ್ಟಾಗ್ರಾಮಿಗೆ ಹೋಗಿ ಬಂದರೋ ಆ ದೇವರಿಗೇ ಗೊತ್ತು. ಹಾಗಾಗಿ ಈ ವರ್ಷ ಕಾಗದದ ಕಾರ್ಡ್. ಪ್ಲಿಕರ್ಸ್ ಅನ್ನುವ ಆ್ಯಪ್ ಇದೆ. ಪ್ರತಿಯೊಬ್ಬರಿಗೂ ಕಪ್ಪು ಚೌಕಗಳ ವಿನ್ಯಾಸ ಇರುವ ಬೇರೆ ಬೇರೆ ಕಾರ್ಡ್. ಎ, ಬಿ, ಸಿ, ಡಿ ಪೈಕಿ ನಿಮ್ಮ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿದರೆ ಸಾಕು. ನನ್ನ ಒಂದೇ ಫೋನಿನ ಕ್ಯಾಮೆರಾ ಇಡೀ ಕ್ಲಾಸನ್ನು ಓದಿಕೊಳ್ಳುತ್ತದೆ. ನೀವು ಏನು ಆರಿಸಿದಿರಿ ಅಂತ ಪಕ್ಕದವರಿಗೆ ಸುಲಭಕ್ಕೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತದೆ. ಅರ್ಧ ಕ್ಲಾಸ್ ತಪ್ಪು ಹೇಳಿದರೆ ಆವತ್ತು ಸಿಲಬಸ್ ನಿಲ್ಲುತ್ತದೆ. ಇದು ನನಗೆ ಹೆದರಿಕೆ ಹುಟ್ಟಿಸುವ ಗುರಿ, ಯಾಕಂದರೆ ಐದನೇ ಮಾಡ್ಯೂಲ್ ಮುಗಿಯದಿದ್ದರೆ ಬೈಸಿಕೊಳ್ಳೋನು ನಾನು. ಆದರೂ ಮಾಡುತ್ತೇನೆ.

ಮೂರನೇ ಗುರಿ: ಹದಿನೈದು ದಿನಕ್ಕೊಂದು ಕನ್ನಡ ಬರಹ. ವರ್ಷಕ್ಕೆ ಇಪ್ಪತ್ತು ಅಂತ ಇಟ್ಟುಕೊಂಡಿದ್ದೇನೆ, ಪರೀಕ್ಷೆ ಮತ್ತು ವ್ಯಾಲ್ಯುಯೇಶನ್ ದಿನಗಳಿಗೆ ರಜೆ. ಒಂದು ಬರಹದಲ್ಲಿ ಒಂದೇ ಪರಿಕಲ್ಪನೆ. ಇಂಡಕ್ಟರನ್ನು ‘ಪ್ರೇರಕ’ ಅಂತ ಬರೆದು ನಿಮ್ಮನ್ನು ಓಡಿಸೋದಿಲ್ಲ. ಇಂಡಕ್ಟರ್ ಇಂಡಕ್ಟರಾಗೇ ಇರಲಿ, ಅದು ಏನು ಮಾಡುತ್ತದೆ ಅನ್ನೋದು ಕನ್ನಡದಲ್ಲಿ ಇರಲಿ. ಬರೆಯೋದು ಯೂನಿಕೋಡ್‌ನಲ್ಲೇ. ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹಿರಿಯರೊಬ್ಬರ ಒಳ್ಳೆಯ ನೋಟ್ಸ್ ನನ್ನ ಹತ್ತಿರ ಇದೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆಗಳು. ಹುಡುಕಿದರೂ ಸಿಗದ, ತೆರೆದರೂ ಓದಲಾಗದ ಕನ್ನಡ ಯಾರಿಗೆ ಬೇಕು?

ಈ ಕೆಲಸ ಹೊಸದೇನೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಅನ್ನುವ ಕನ್ನಡ ಮಾಸಪತ್ರಿಕೆ ತಂದರು. ಅಚ್ಚಿನ ಮೊಳೆ ಜೋಡಿಸಿ ಮುದ್ರಿಸುವ ಕಾಲ ಅದು. ಪತ್ರಿಕೆ ಹೆಚ್ಚು ವರ್ಷ ನಡೆಯಲಿಲ್ಲ. ಆದರೂ ಪದಗಳೇ ಇಲ್ಲದ ಜಾಗದಲ್ಲಿ ಪದ ಹುಡುಕಿಕೊಂಡು ಒಬ್ಬ ಮೇಷ್ಟ್ರು ಬರೆದರು. ನನ್ನ ಕೈಯಲ್ಲಿ ಕನ್ನಡ ಕೀಬೋರ್ಡ್ ಇರುವ ಫೋನಿದೆ, ಮಾತಾಡಿದರೆ ಅದೇ ಟೈಪ್ ಮಾಡುತ್ತದೆ. ನನ್ನ ಮೂರು ಬರಹಕ್ಕೆ ಯಾವ ನೆಪ ಉಳಿಯಿತು ಹೇಳಿ.

ಬರೆಯೋದರಿಂದ ಹೆಚ್ಚು ಲಾಭ ಆಗೋದು ನನಗೇ. ಡಿಸೆಂಬರಿನಲ್ಲಿ ಎಸಿ ಸರ್ಕ್ಯೂಟಿನ ‘ಜೆ’ ಬಗ್ಗೆ ಬರೆಯೋಕೆ ಕೂತೆ. ಮೈನಸ್ ಒಂದರ ವರ್ಗಮೂಲ ಅಂತ ಬರೆದೆ. ಅದಕ್ಕೂ ಮನೆಗೆ ಬರುವ ಕರೆಂಟಿಗೂ ಏನು ಸಂಬಂಧ ಅನ್ನುವಲ್ಲಿ ಪೆನ್ನು ನಿಂತಿತು. ಇಂಗ್ಲಿಷಿನಲ್ಲಾದರೆ ಪುಸ್ತಕದ ಸಾಲನ್ನೇ ಇಳಿಸಿ ಮುಂದೆ ಹೋಗುತ್ತಿದ್ದೆ. ಕನ್ನಡದಲ್ಲಿ ಹಾಗೆ ಇಳಿಸೋಕೆ ಸಾಲು ಸಿಗಲಿಲ್ಲ, ಅರ್ಥ ಮಾಡಿಕೊಳ್ಳಲೇಬೇಕಾಯಿತು. ಕೊನೆಗೆ ಹೀಗೆ ಬರೆದೆ: ಜೆ ಅಂದರೆ ‘ತೊಂಬತ್ತು ಡಿಗ್ರಿ ತಿರುಗು’ ಅನ್ನುವ ಆಜ್ಞೆ. ಎರಡು ಸಲ ತಿರುಗಿದರೆ ಮುಖ ಉಲ್ಟಾ ಆಗುತ್ತದೆ, ಅದೇ ಮೈನಸ್ ಒಂದು. ಇಂಡಕ್ಟರಿನಲ್ಲಿ ವೋಲ್ಟೇಜ್ ಕರೆಂಟಿಗಿಂತ ತೊಂಬತ್ತು ಡಿಗ್ರಿ ಮುಂದೆ ಇರುತ್ತದೆ, ಅದಕ್ಕೇ ಅಲ್ಲಿ ಜೆ ಬಂದು ಕೂರುತ್ತದೆ. ಹನ್ನೊಂದು ವರ್ಷ ಆದಮೇಲೆ ನನಗೆ ಆವತ್ತು ಸಮಾಧಾನ ಆಯಿತು.

ನಿಮ್ಮಲ್ಲಿ ಕೆಲವರು ಕೇಳುತ್ತೀರಿ: ಪರೀಕ್ಷೆ ಇಂಗ್ಲಿಷಲ್ಲಿ, ಪ್ಲೇಸ್‌ಮೆಂಟ್ ಇಂಗ್ಲಿಷಲ್ಲಿ, ಕನ್ನಡದಲ್ಲಿ ಓದಿ ಏನು ಮಾಡೋದು ಸರ್? ನ್ಯಾಯವಾದ ಪ್ರಶ್ನೆ. 2021-22ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಎಐಸಿಟಿಇ ಅವಕಾಶ ಕೊಟ್ಟಿದೆ. ಅವಕಾಶ ಇದ್ದರೂ ಎಲ್ಲರೂ ಅತ್ತ ಓಡಿಲ್ಲ, ಅದಕ್ಕೆ ಕಾರಣ ನೀವು ಹೇಳಿದ ಭಯವೇ. ನಾನು ಹೇಳುತ್ತಿರುವುದು ಇಂಗ್ಲಿಷ್ ಬಿಡಿ ಅಂತ ಅಲ್ಲ. ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಬೇಕು, ಅದನ್ನು ಕಲಿಯಲೇಬೇಕು. ಆದರೆ ಅರ್ಥವಾಗದೇ ಇದ್ದಿದ್ದನ್ನು ಎಷ್ಟು ಒಳ್ಳೆ ಇಂಗ್ಲಿಷಿನಲ್ಲಿ ಹೇಳಿದರೂ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಅರ್ಥ ಮೊದಲು ಆಗಲಿ, ಯಾವ ಭಾಷೆಯಲ್ಲಿ ಆಗುತ್ತೋ ಅದರಲ್ಲಿ ಆಗಲಿ.

ಇನ್ನು ಕೆಲವರು, ‘ಎನ್‌ಪಿಟೆಲ್ ಇದೆ, ಚಾಟ್‌ಜಿಪಿಟಿ ಇದೆ, ನಿಮ್ಮ ಬರಹ ಯಾಕೆ?’ ಅನ್ನಬಹುದು. ಎನ್‌ಪಿಟೆಲ್‌ನಲ್ಲಿ ನನಗಿಂತ ಒಳ್ಳೆಯ ಮೇಷ್ಟ್ರಿದ್ದಾರೆ, ನಾನೂ ನೋಡಿ ಕಲಿಯುತ್ತೇನೆ. ಚಾಟ್‌ಜಿಪಿಟಿ ರಾತ್ರಿ ಎರಡು ಗಂಟೆಗೂ ಉತ್ತರ ಕೊಡುತ್ತದೆ. ಆದರೆ ಕೊನೇ ಬೆಂಚಿನಲ್ಲಿ ಒಬ್ಬ ಸರಿಯಾದ ಉತ್ತರವನ್ನು ಹೊಡೆದುಹಾಕುತ್ತಿದ್ದಾನೆ ಅಂತ ಅವುಗಳಿಗೆ ಕಾಣೋದಿಲ್ಲ. ನನಗೆ ಕಾಣಬೇಕು. ಕ್ಲಾಸಿಗೆ ತರುವ ಯಾವ ಹೊಸ ತಂತ್ರಜ್ಞಾನವನ್ನಾದರೂ ನಾನು ಈಗ ಈ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ನಿಮಗೆ ಏನು ಅರ್ಥವಾಗಿಲ್ಲ ಅನ್ನೋದನ್ನು ಅದು ನನಗೆ ತೋರಿಸುತ್ತದಾ? ತೋರಿಸಿದರೆ ಕಾಗದದ ಚೂರಾದರೂ ಸರಿ. ತೋರಿಸದಿದ್ದರೆ ಲಕ್ಷ ರೂಪಾಯಿಯ ಸ್ಮಾರ್ಟ್ ಬೋರ್ಡ್ ಕೂಡ ನನ್ನ 14ನೇ ಸ್ಲೈಡಿನ ದೊಡ್ಡ ರೂಪ ಅಷ್ಟೇ.

ನಿಮ್ಮಿಂದ ನನಗೆ ಒಂದೇ ಒಂದು ಸಹಾಯ ಬೇಕು. ಮುಂದಿನ ಸಲ ನಿಮ್ಮ ಲೆಕ್ಕಕ್ಕೂ ನನ್ನ ಬೋರ್ಡಿಗೂ ತಾಳೆ ಆಗದಿದ್ದರೆ ನಿಮ್ಮದನ್ನು ಹೊಡೆದುಹಾಕಬೇಡಿ. ಕೈ ಎತ್ತಿ, “ಸರ್, ಇದು ಹೆಂಗೆ?” ಅಂತ ಕನ್ನಡದಲ್ಲೇ ಕೇಳಿ. ನೀವೇ ತಪ್ಪಾಗಿದ್ದರೆ ಎರಡು ನಿಮಿಷ ಹೋಗುತ್ತದೆ. ನಾನು ತಪ್ಪಾಗಿದ್ದರೆ ಮುಂದಿನ ನಾಲ್ಕು ಬ್ಯಾಚ್ ಉಳಿಯುತ್ತದೆ.

ಯುಗಾದಿಗೆ ಇದೇ ಪತ್ರಿಕೆಯಲ್ಲಿ ಲೆಕ್ಕ ಒಪ್ಪಿಸುತ್ತೇನೆ: ಎಷ್ಟು ಬರಹ, ಎಷ್ಟು ಕಾರ್ಡ್ ಪ್ರಶ್ನೆ, ನೀವು ಹಿಡಿದ ನನ್ನ ತಪ್ಪುಗಳು ಎಷ್ಟು ಅಂತ. ಬೇವು ಎಷ್ಟು ಬೆಲ್ಲ ಎಷ್ಟು ಆವತ್ತು ನೋಡೋಣ. ಅಂದಹಾಗೆ, ಟ್ರ್ಯಾಕ್ಟರಿನ ಉದಾಹರಣೆಯನ್ನು ಹೊಸ ವರ್ಷದ ಮೊದಲ ಬರಹಕ್ಕೆ ಇಟ್ಟುಕೊಂಡಿದ್ದೇನೆ. ಹುಡುಗನನ್ನು ಕೇಳಿದೆ. “ಹಾಕಿ ಸರ್, ಆದ್ರೆ ಹೆಸರು ಬೇಡ” ಅಂದ. ಯುಗಾದಿಯೊಳಗೆ ‘ಹೆಸರೂ ಹಾಕಿ ಸರ್’ ಅಂತ ಅವನೇ ಬಂದು ಹೇಳಿದರೆ, ನನ್ನ ಮೂರೂ ಗುರಿ ಮುಟ್ಟಿದ ಹಾಗೆ.