ಬಾಕಿದಾರರು ಯಾರು?



ಬ್ಯಾಂಕಿನ ಕಂತು ಎರಡು ಸಲ ತಪ್ಪಿದರೆ ನಮ್ಮ ಹೆಸರು ಸುಸ್ತಿದಾರರ ಪಟ್ಟಿಗೆ ಹೋಗುತ್ತದೆ. ಮೊದಲು ನೋಟೀಸು, ಆಮೇಲೆ ಜೀಪು. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಾಯಿದೆ ತಪ್ಪಿಸುತ್ತಾ ಬಂದ ದೊಡ್ಡ ಸುಸ್ತಿದಾರರಿದ್ದಾರೆ. ಅವರ ಬಾಗಿಲಿಗೆ ಯಾವ ಅಮೀನನೂ ಹೋಗಿಲ್ಲ. ಅವರೇ ಶ್ರೀಮಂತ ದೇಶಗಳು. ಅವರ ಮೇಲಿರುವುದು ಹೊಗೆಯ ಸಾಲ.

ಕಲ್ಲಿದ್ದಲು, ಪೆಟ್ರೋಲು ಸುಟ್ಟಾಗ ಏಳುವ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಒಂದು ಪಾಲು ನೂರಾರು ವರ್ಷ ಆಕಾಶದಲ್ಲೇ ನಿಂತು ಭೂಮಿಯ ಕಾವು ಏರಿಸುತ್ತದೆ. ತಾತ ಮಾಡಿದ ಸಾಲ ಮೊಮ್ಮಗನ ಪಹಣಿಯಲ್ಲಿ ಕೂತ ಹಾಗೆ. ಜಗತ್ತಿನ ಜನರಲ್ಲಿ ನೂರಕ್ಕೆ ನಾಲ್ಕು ಮಂದಿ ಅಮೆರಿಕದವರು. ಆದರೆ ಇಲ್ಲಿಯವರೆಗೆ ಸುಟ್ಟ ಹೊಗೆಯಲ್ಲಿ ಸುಮಾರು ಕಾಲುಭಾಗ ಅವರದೇ. ಆರರಲ್ಲಿ ಒಂದು ಪಾಲು ಜನ ಇರುವ ನಮ್ಮ ದೇಶದ್ದು ನೂರಕ್ಕೆ ಮೂರೋ ನಾಲ್ಕೋ.

ಹಾಗಿದ್ದೂ ಲೆಕ್ಕ ಬರೆಯುವಾಗ ಏನಾಯಿತು ನೋಡಿ. 1990ರಲ್ಲಿ ವಾಷಿಂಗ್ಟನ್ನಿನ ಒಂದು ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಭಾರತ, ಚೀನಾಗಳೂ ಅಮೆರಿಕದ ಪಕ್ಕಕ್ಕೇ ಬಂದು ಕೂತವು. ಕಾರಣ? ನಮ್ಮ ಭತ್ತದ ಗದ್ದೆಯಿಂದ, ದನ ಎಮ್ಮೆಗಳ ತೇಗಿನಿಂದ ಮೀಥೇನ್ ಅನಿಲ ಬರುತ್ತದಂತೆ! ಬರುತ್ತದೆ, ಸುಳ್ಳಲ್ಲ. ಕಾವೂ ಜಾಸ್ತಿಯೇ. ಆದರೆ ಅದು ಹನ್ನೆರಡು ವರ್ಷದ ಆಸುಪಾಸಿನಲ್ಲಿ ಕರಗಿಹೋಗುವಂಥದ್ದು. ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಇದಕ್ಕೆ ಸರಿಯಾದ ಉತ್ತರ ಕೊಟ್ಟರು: ಹೊಟ್ಟೆಪಾಡಿನ ಹೊಗೆಯನ್ನೂ ಶೋಕಿಯ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು. ಉಳುವ ಎತ್ತು, ಮನೆಗೊಬ್ಬರಂತೆ ಓಡಿಸುವ ಕಾರು, ಎರಡೂ ಒಂದೇನಾ ಸ್ವಾಮಿ?

ಇನ್ನು ಕೊಟ್ಟ ಮಾತುಗಳು. 1992ರಲ್ಲಿ ರಿಯೋ ನಗರದಲ್ಲಿ, ಮೊದಲು ಹೊಗೆ ತಗ್ಗಿಸಬೇಕಾದವರು ನಾವೇ ಎಂದು ಶ್ರೀಮಂತರು ಒಪ್ಪಿ ರುಜು ಹಾಕಿದರು. 1997ರ ಕ್ಯೋಟೋ ಕರಾರಿಗೆ ಅಮೆರಿಕ ರುಜು ಹಾಕಿತೇ ಹೊರತು ತನ್ನ ದೇಶದಲ್ಲಿ ಜಾರಿ ಮಾಡಲೇ ಇಲ್ಲ. ಕೆನಡಾ 2011ರಲ್ಲಿ ನಡುವೆಯೇ ಕೈ ಎತ್ತಿತು. 2009ರ ಕೋಪನ್‌ಹೇಗನ್ ಸಭೆಯಲ್ಲಿ ಬಡ ದೇಶಗಳು ಪಟ್ಟು ಹಿಡಿದವು: 1990ರಲ್ಲಿ ಎಷ್ಟು ಹೊಗೆ ಬಿಡುತ್ತಿದ್ದಿರೋ, 2020ರೊಳಗೆ ಅದರಲ್ಲಿ ನೂರಕ್ಕೆ ನಲವತ್ತು ಕಡಿಮೆ ಮಾಡಿ. ಅಮೆರಿಕ ಹದಿನೇಳು ಅಂದಿತು. ಆದರೆ ಅದು 2005ರ ಲೆಕ್ಕದ ಮೇಲೆ. 1990ಕ್ಕೆ ಹಿಡಿದರೆ ಅದು ಬರೀ ಮೂರು ನಾಲ್ಕು! ಮಂಡಿಯಲ್ಲಿ ತೂಕದ ಕಲ್ಲು ಬದಲಾಯಿಸುವವರನ್ನು ಕಂಡಿದ್ದೇವೆ. ಇವರು ವರ್ಷವನ್ನೇ ಬದಲಾಯಿಸಿದರು.

ಅದೇ ಸಭೆಯಲ್ಲಿ, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದರು. ಅಷ್ಟು ಮೊತ್ತ ತುಂಬಿದ್ದು 2022ರಲ್ಲಿ, ಅದೂ ಅವರದೇ ಲೆಕ್ಕದಲ್ಲಿ. ಅದರಲ್ಲಿನ ಸರ್ಕಾರಿ ಹಣದಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಸಾಲ! ಬಾಕಿ ಕೊಡಬೇಕಾದವನೇ ಬಾಕಿ ಬರಬೇಕಾದವನಿಗೆ ಸಾಲ ಕೊಟ್ಟು, ಅದನ್ನೇ ತೀರುವಳಿ ಅಂತ ಬರೆದುಕೊಂಡರೆ ನಾವು ಒಪ್ಪುತ್ತೇವಾ? 2024ರಲ್ಲಿ ಬಾಕು ನಗರದಲ್ಲಿ ಬಡ ದೇಶಗಳು ವರ್ಷಕ್ಕೆ 1,30,000 ಕೋಟಿ ಡಾಲರ್ ಕೇಳಿದವು. ಸಿಕ್ಕಿದ್ದು 30,000 ಕೋಟಿಯ ಮಾತು, 2035ರ ವಾಯಿದೆ. ನಮ್ಮ ದೇಶದ ಪ್ರತಿನಿಧಿ ಅಲ್ಲೇ ಎದ್ದು ಇದನ್ನು ಒಪ್ಪುವುದಿಲ್ಲ ಅಂದರು. ಅಂದದ್ದು ಸರಿ. ಮರುವರ್ಷ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದಲೇ ಎರಡನೇ ಸಲ ಹೊರಗೆ ಹೋಗುವ ಹುಕುಂ ಹೊರಡಿಸಿದರು.

ಒಂದು ಮಾತು ಮುಚ್ಚಿಡಬಾರದು. ಈಗ ವರ್ಷಾವರ್ಷ ಅತಿ ಹೆಚ್ಚು ಹೊಗೆ ಬಿಡುವುದು ಚೀನಾ. ನಮ್ಮಲ್ಲೂ ಶೋಕಿಯ ಹೊಗೆ ಬಿಡುವವರು ಬೆಂಗಳೂರು, ಮುಂಬೈಗಳಲ್ಲಿ ಬೇಕಾದಷ್ಟಿದ್ದಾರೆ. ರಾಗಿ ಬೆಳೆಯುವವನ ಬಡತನವನ್ನು ಅವರು ಅಡ್ಡ ಹಿಡಿಯಬಾರದು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ಬರಕ್ಕೆಲ್ಲ ಹೊಗೆಯೊಂದೇ ಕಾರಣ ಅಂದರೆ ತಪ್ಪಾದೀತು. ಆದರೆ ಕಾವು ಏರಿದಷ್ಟೂ ಮಳೆಯ ಲೆಕ್ಕ ಕೆಡುತ್ತದೆ, ಬಿತ್ತಿದ ಮೇಲೆ ಮಾಡಿದ ಸಾಲ ಮಾತ್ರ ನಮ್ಮ ಹೆಸರಿನಲ್ಲೇ ಉಳಿಯುತ್ತದೆ.

ವನುವಾಟು ಅಂತ ಪೆಸಿಫಿಕ್ ಸಾಗರದಲ್ಲೊಂದು ಪುಟ್ಟ ದ್ವೀಪ ದೇಶ. ನಮ್ಮ ಒಂದು ತಾಲ್ಲೂಕಿನಷ್ಟು ಜನ. ಅವರು ಹಟ ಹಿಡಿದು ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಹೋದರು. 2025ರ ಜುಲೈಯಲ್ಲಿ ನ್ಯಾಯಾಲಯ ಹೇಳಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ, ತಪ್ಪಿದವರು ನಷ್ಟ ತುಂಬಿಕೊಡಬೇಕಾಗಬಹುದು. ಇದು ಸಲಹೆ, ಡಿಕ್ರಿಯಲ್ಲ. ಆದರೂ ಕೈಯಲ್ಲೊಂದು ಕಾಗದ ಸಿಕ್ಕಿತು. ನಮ್ಮ ಸರ್ಕಾರ ಮುಂದಿನ ಸಭೆಗೆ ಆ ಕಾಗದ ಹಿಡಿದೇ ಹೋಗಲಿ. ಸಾಲ ಬೇಡ, ಬಾಕಿ ಕೊಡಿ, ನಿಮ್ಮ ಹೊಗೆ ಇಳಿಸಿ ಅಂತ ಕೇಳಲಿ. ಬಂದ ಹಣದಲ್ಲಿ ಬೆಳೆ ಕಳೆದುಕೊಂಡವನಿಗೆ ಎಷ್ಟು ಅನ್ನುವುದನ್ನೂ ಈಗಲೇ ಬರೆದು ಕೊಡಲಿ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಇಷ್ಟನ್ನು ಠರಾವು ಮಾಡಿ, ಒಂದು ಪ್ರತಿ ನಿಮ್ಮ ಸಂಸದರಿಗೆ ಕಳಿಸಿ.