ರೂಲ್ಸ್ ಬರೆದವರು ಬಾಯಿ ಮುಚ್ಕೊಂಡಿರಬೇಕು

ಎರಡನೇ ವರ್ಷದ ಇಂಜಿನಿಯರಿಂಗಲ್ಲಿದ್ದುಕೊಂಡು ನೆಲದ ಮೇಲೆ ಗೊಂಬೆ ಸೈನಿಕರನ್ನ ಜೋಡಿಸ್ತೀರಲ್ಲ, ನಾಚಿಕೆ ಆಗಲ್ವಾ ಅಂತ ಕೇಳೋರು ಇದ್ದಾರೆ. ಆಗಲ್ಲ. ಈ ಸೆಮಿಸ್ಟರಲ್ಲಿ ನಾವು ಐದು ಜನ ಸೇರಿ ಒಂದು ಯುದ್ಧದಾಟಕ್ಕೆ ಹೊಸ ರೂಲ್ಸ್ ಬರೆದಿದ್ದೀವಿ. ಶನಿವಾರ ಮಧ್ಯಾಹ್ನ ಖಾಲಿ ಕ್ಲಾಸ್‌ರೂಮಲ್ಲಿ ಅದನ್ನ ಆಡಿಸಿ ನೋಡ್ತೀವಿ. ಅಲ್ಲಿ ಕಲಿತ ಒಂದು ಪಾಠ ನಮ್ಮೆಲ್ಲರ ಪ್ರಾಜೆಕ್ಟ್‌ಗಳಿಗೂ ಬೇಕು ಅನ್ನೋದು ನಮ್ಮ ವಾದ.

ಇಂಥ ಆಟ ಹೊಸದೇನಲ್ಲ. 1824ರಲ್ಲೇ ಪ್ರಶ್ಯಾದ ಸೇನೆ ತನ್ನ ಅಧಿಕಾರಿಗಳಿಗೆ ನಕ್ಷೆಯ ಮೇಲೆ ಯುದ್ಧದಾಟ ಆಡಿಸೋಕೆ ಶುರು ಮಾಡಿತ್ತು. ಗೊಂಬೆ ಸೈನಿಕರ ಆಟಕ್ಕೆ ರೂಲ್ಸ್ ಬರೆದು ಜನಪ್ರಿಯ ಮಾಡಿದವರು ಎಚ್. ಜಿ. ವೆಲ್ಸ್. ಹೌದು, 'ದಿ ಟೈಮ್ ಮಷೀನ್' ಬರೆದವರೇ. 1913ರಲ್ಲಿ ಬಂದ ಅವರ 'ಲಿಟ್ಲ್ ವಾರ್ಸ್' ಪುಸ್ತಕದಲ್ಲಿ ಕಾಲಾಳು ಒಂದು ಸರದಿಗೆ 1 ಅಡಿ ನಡೀತಾನೆ, ಕುದುರೆ ಸವಾರ 2 ಅಡಿ. ಫಿರಂಗಿ ಹಾರಿಸಬೇಕು ಅಂದ್ರೆ ಅದರ 6 ಇಂಚಿನೊಳಗೆ ಕನಿಷ್ಠ 4 ಜನ ನಿಂತಿರಬೇಕು. ಸ್ಪ್ರಿಂಗ್ ಇರೋ ಆಟಿಕೆ ಫಿರಂಗಿಯಿಂದ ಮರದ ಚೂರು ಹಾರಿಸಿ ಸೈನಿಕರನ್ನ ನಿಜವಾಗ್ಲೂ ಬೀಳಿಸಬೇಕು, ದಾಳ ಇಲ್ಲ. ಪುಸ್ತಕದ ಉಪಶೀರ್ಷಿಕೆ ಪ್ರಕಾರ ಈ ಆಟ 12ರಿಂದ 150 ವರ್ಷದ ಹುಡುಗರಿಗೆ, ಜೊತೆಗೆ ಹುಡುಗರ ಆಟ ಇಷ್ಟಪಡುವ ಜಾಣ ಹುಡುಗಿಯರಿಗೆ. ನಮ್ಮ ಐದು ಜನರಲ್ಲಿ ಮೂವರು ಹುಡುಗಿಯರು. ಅವರು ಇದನ್ನ ಓದಿ ನಕ್ಕಿದ್ದು ಇನ್ನೂ ನಿಂತಿಲ್ಲ.

ನಮಗೆ ಆ ಪುಸ್ತಕದಲ್ಲಿ ಹೆಚ್ಚು ಹಿಡಿಸಿದ್ದು ಬೇರೆ. ವೆಲ್ಸ್ ಬರೀ ರೂಲ್ಸ್ ಕೊಟ್ಟು ಸುಮ್ಮನಾಗಲ್ಲ, ಅವು ಹೇಗೆ ಹುಟ್ಟಿದವು ಅನ್ನೋದನ್ನೂ ಹೇಳ್ತಾರೆ. ಗೆಳೆಯರ ಜೊತೆ ಆಡಿದರು, ಎಲ್ಲಿ ಆಟ ಎಳೀತು ಅಂತ ನೋಡಿದರು, ಬದಲಾಯಿಸಿದರು. ನಡೆ ಇಡೋಕೆ ಜನ ತುಂಬ ಹೊತ್ತು ತಗೊಂಡಾಗ ಸಮಯದ ಮಿತಿ ತಂದರು.

ಈಗ ನಮ್ಮ ಆಟಕ್ಕೆ ಬರೋಣ. ಇವತ್ತು ಇಂಥ ಆಟಗಳಲ್ಲಿ 28 ಮಿಲಿಮೀಟರ್ ಗೊಂಬೆಗಳೇ ಜಾಸ್ತಿ. ನಾವು ಆರಿಸಿಕೊಂಡಿದ್ದು ವೆಲ್ಸ್ ಕಾಲದ 54 ಮಿಲಿಮೀಟರ್ ಅಳತೆ. ಆಟಿಕೆ ಅಂಗಡಿಯ ಹಸಿರು ಪ್ಲಾಸ್ಟಿಕ್ ಸೈನಿಕರು ಹೆಚ್ಚುಕಡಿಮೆ ಅಷ್ಟೇ ಎತ್ತರ ಇರ್ತಾರೆ, ಜೇಬಿಗೂ ಭಾರ ಅಲ್ಲ. ಗೊಂಬೆ ದೊಡ್ಡದಾದಷ್ಟೂ ಜಗಳ ಕಡಿಮೆ. ಯಾರಿಗೆ ಯಾರು ಕಾಣ್ತಾರೆ ಅನ್ನೋ ಪ್ರಶ್ನೆ ಬಂದ್ರೆ ಕೆನ್ನೆ ನೆಲಕ್ಕೆ ತಾಗಿಸಿ, ಸೈನಿಕನ ಹಿಂದಿಂದ ನೋಡಿದ್ರೆ ಆಯ್ತು.

ಆದರೆ ದೊಡ್ಡ ಗೊಂಬೆಗೆ ದೊಡ್ಡ ಲೆಕ್ಕ. 54 ಮಿಲಿಮೀಟರ್ ಅಂದ್ರೆ ಸುಮಾರು 1:32 ಸ್ಕೇಲ್. ಹಳೇ ಕಾಲದ ಕೋವಿ 100 ಮೀಟರ್ ದೂರಕ್ಕೆ ಪರಿಣಾಮಕಾರಿ ಅಂತ ಇಟ್ಟುಕೊಂಡರೆ, ಈ ಸ್ಕೇಲಲ್ಲಿ ಅದು 3 ಮೀಟರ್ ದಾಟುತ್ತೆ. ಅಂದ್ರೆ ಬೋರ್ಡ್ ಹತ್ತಿರ ನಿಂತವನು ಮೂರನೇ ಬೆಂಚಿನವನನ್ನ ಮೊದಲ ಸರದಿಗೇ ಹೊಡೀಬಹುದು. ಹಾಗಾಗಿ ಗೊಂಬೆಗೆ ಒಂದು ಸ್ಕೇಲ್, ನೆಲಕ್ಕೆ ಬೇರೆ ಸ್ಕೇಲ್ ಇಡಲೇಬೇಕು.

ದಾಳದ್ದೂ ಹಾಗೇ. ಆರು ಸೈನಿಕರು ಗುಂಡು ಹಾರಿಸಿದ್ರೆ ಆರು ದಾಳ, 5 ಅಥವಾ 6 ಬಿದ್ದರೆ ಪೆಟ್ಟು. ಸರಾಸರಿ ಎರಡು ಪೆಟ್ಟು. ಒಂದೂ ಪೆಟ್ಟು ಬೀಳದಿರುವ ಸಾಧ್ಯತೆ ಸುಮಾರು 9%. ಕಾಗದದ ಮೇಲೆ ಅದು ಚಿಕ್ಕ ಸಂಖ್ಯೆ. ಆದರೆ ಒಂದು ಆಟದಲ್ಲಿ 12 ಸಲ ಹೀಗೆ ಹಾರಿಸಿದ್ರೆ, ಒಂದು ಸಲವಾದರೂ ಪೂರ್ತಿ ಖಾಲಿ ಹೋಗುವ ಸಾಧ್ಯತೆ ಮೂರರಲ್ಲಿ ಎರಡು. ಆ ಖಾಲಿ ಸರದಿ ಗೆಲ್ಲೋ ಹೊತ್ತಲ್ಲೇ ಬಂದವನ ಮುಖ ನೋಡಬೇಕು!

ಈ ಲೆಕ್ಕ ಎಲ್ಲ ನಾವೇ ಕೂತು ಮಾಡಬಹುದು. ಮಾಡೋಕಾಗದ್ದು ಒಂದಿದೆ: ನಮ್ಮ ವಾಕ್ಯವನ್ನ ಬೇರೆಯವರ ತಲೆಯಿಂದ ಓದೋದು. ಅದಕ್ಕೇ ಎರಡು ಪುಟದ ರೂಲ್ಸ್ ಪ್ರಿಂಟ್ ಮಾಡಿ ಫಸ್ಟ್ ಇಯರ್ ಜೂನಿಯರ್‌ಗಳ ಕೈಗೆ ಕೊಟ್ಟು ನಾವು ಗೋಡೆಗೆ ಒರಗಿ ಕೂರ್ತೀವಿ. ಮಾತಾಡೋ ಹಾಗಿಲ್ಲ, ಬರೀ ನೋಟ್ ಮಾಡ್ಕೋಬೇಕು. 'ಮರೆಯಲ್ಲಿರುವ ಸೈನಿಕನಿಗೆ 6 ಬಿದ್ದರೆ ಮಾತ್ರ ಪೆಟ್ಟು' ಅನ್ನೋ ಸಾಲು ಬಂತು. ಒಬ್ಬಳು ಇಟ್ಟಿಗೆ ಗೋಡೆ ಹಿಂದೆ ನಿಲ್ಲಿಸಿದಳು, ಇನ್ನೊಬ್ಬ ಪೇಪರ್ ಪೊದೆ ಹಿಂದೆ. ಎರಡೂ ಮರೆನೇ ತಾನೆ? ಪೊದೆ ಕಣ್ಣು ತಪ್ಪಿಸುತ್ತೆ, ಗೋಡೆ ಗುಂಡು ತಡೆಯುತ್ತೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಸಲ್ಲುತ್ತೆ, ಆಟದಲ್ಲಿ ಸಲ್ಲಲ್ಲ. ಈಗ ನಮ್ಮ ಹಾಳೆಯಲ್ಲಿ ಪೊದೆಗೆ 'ಮರೆ', ಗೋಡೆಗೆ 'ತಡೆ'. ನಾವು ಪಕ್ಕದಲ್ಲಿ ನಿಂತು ಬಾಯಲ್ಲಿ ವಿವರಿಸಿದ್ದರೆ ಅರ್ಧ ನಿಮಿಷದಲ್ಲಿ ಮುಗಿದುಹೋಗ್ತಿತ್ತು, ಹಾಳೆ ಮಾತ್ರ ಇದ್ದ ಹಾಗೇ ಇರ್ತಿತ್ತು.

ಇನ್ನೊಂದು ಕಟ್ಟುನಿಟ್ಟು: ಒಂದು ವಾರಕ್ಕೆ ಒಂದೇ ರೂಲ್ ಬದಲಾವಣೆ. ಎರಡನ್ನ ಒಟ್ಟಿಗೆ ಮುಟ್ಟಿದ್ರೆ ಆಟ ಸುಧಾರಿಸಿದ್ದು ಯಾವುದರಿಂದ ಅಂತ ಗೊತ್ತಾಗಲ್ಲ.

ಈಗ ನಮ್ಮ ಮಿನಿ ಪ್ರಾಜೆಕ್ಟ್ ಡೆಮೊ ನೆನಪು ಮಾಡ್ಕೊಳ್ಳಿ. ಮಾಡಿದವರೇ ಸ್ವಿಚ್ ಒತ್ತೋದು, ಮಾಡಿದವರೇ ಮಾತಾಡೋದು. ಯಾವ ವೈರ್ ಮುಟ್ಟಬಾರದು ಅನ್ನೋದು ಅವರ ಬೆರಳಿಗೇ ಗೊತ್ತು. ಅದು ಅವರ ಕೈಯಲ್ಲಿ ಕೆಲಸ ಮಾಡುತ್ತೆ ಅಂತಷ್ಟೇ ಸಾಬೀತಾಗುತ್ತೆ. ನಾಳೆ ಅದನ್ನ ಬಳಸೋ ರೈತನ ಪಕ್ಕದಲ್ಲೋ ನರ್ಸ್ ಪಕ್ಕದಲ್ಲೋ ನಾವು ನಿಂತಿರ್ತೀವಾ?

ಟೈಮ್ ಎಲ್ಲಿದೆ ಅಂತ ಕೇಳ್ತೀರಿ. ಹತ್ತು ನಿಮಿಷ ಸಾಕು. ಡೆಮೊಗೆ ಮುಂಚೆ ಬೇರೆ ಬ್ಯಾಚಿನ ಇಬ್ಬರಿಗೆ ಪ್ರಾಜೆಕ್ಟ್ ಮತ್ತು ಒಂದು ಪುಟದ ವಿವರಣೆ ಕೊಡಿ. ಕೈ ಕಟ್ಟಿ, ಬಾಯಿ ಮುಚ್ಚಿ ನಿಲ್ಲಿ. ಅವರು ಎಲ್ಲಿ ತಡವರಿಸ್ತಾರೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ.

ನಮ್ಮ ಹಾಳೆಯ ಹೊಸ ಆವೃತ್ತಿ ಸಿದ್ಧವಾಗಿದೆ, ಓದಿ ಆಡೋಕೆ ಇಬ್ಬರು ಬೇಕು. ಅನುಮಾನ ಬಂದ್ರೆ ನಮ್ಮನ್ನ ಕೇಳಬೇಡಿ, ಉತ್ತರ ಸಿಗಲ್ಲ.