ಹುರಿಯುವ ಹದ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಇಂದಿನ ಬಾಲಕ ಬಾಲಕಿಯರಿಗೆ ಹಲ್ಲೂ ಇದೆ, ಕಡಲೆಯೂ ಇದೆ. ಅನೇಕರಿಗೆ ಇಲ್ಲದಿರುವುದು ಅದನ್ನು ಹುರಿಯುವ ಹದ. ಸಂಜೆ ಶಾಲೆಯಿಂದ ಬಂದೊಡನೆ ಹಸಿವಾಗುತ್ತದೆ. ಅಂಗಡಿಗೆ ಓಡಿ, ಬಣ್ಣದ ಪೊಟ್ಟಣವೊಂದನ್ನು ಕೊಂಡು, ಹರಿದು, ಬಾಯಿಗೆ ಸುರಿದುಕೊಂಡರೆ ಕೆಲಸ ಮುಗಿಯಿತು. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ದೊಡ್ಡ ತಪ್ಪೇನೂ ಇಲ್ಲ; ಆದರೆ ಒಂದು ದೊಡ್ಡ ಲಾಭ ಕೈತಪ್ಪಿ ಹೋಗುತ್ತದೆ. ಖಾರದ ಕಡಲೆಕಾಯಿಯನ್ನು ಮನೆಯಲ್ಲಿ ತನ್ನ ಕೈಯಾರೆ ಹುರಿಯುವುದನ್ನು ಪ್ರತಿಯೊಬ್ಬ ಹುಡುಗನೂ ಪ್ರತಿಯೊಬ್ಬ ಹುಡುಗಿಯೂ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಗಾದೆಯಲ್ಲಿ ಬರುವ ಕಡಲೆ ಬೇರೆ, ನಾನು ಹೇಳಹೊರಟಿರುವ ಕಡಲೆಕಾಯಿ ಬೇರೆ. ಮೈಸೂರು ಸೀಮೆಯವರು ಕಡಲೆಕಾಯಿ ಎನ್ನುವುದನ್ನೇ ಧಾರವಾಡ, ಗದಗಿನ ಕಡೆಯವರು ಶೇಂಗಾ ಎನ್ನುತ್ತಾರೆ. ನೆಲಗಡಲೆ ಎಂಬ ಹೆಸರೂ ಉಂಟು. ಈ ಗಿಡದ ರೀತಿಯೇ ವಿಚಿತ್ರ. ಹೂವು ಅರಳುವುದು ನೆಲದ ಮೇಲೆ. ಬಳಿಕ ಹೂವಿನ ಬುಡದಿಂದ ದಾರದಂಥ ಒಂದು ತೊಟ್ಟು ಕೆಳಕ್ಕೆ ಬಾಗಿ ಮಣ್ಣನ್ನು ಹೊಕ್ಕು, ಕತ್ತಲಿನಲ್ಲಿ ಕಾಯಾಗುತ್ತದೆ. ಇದರ ತವರು ದಕ್ಷಿಣ ಅಮೆರಿಕ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ಒಂದು ಕಾಲದಲ್ಲಿ ಇವೆರಡೂ ನಮ್ಮವರಿಗೆ ಅಪರಿಚಿತವಾಗಿದ್ದವು. ಇಂದಾದರೋ ಚಳ್ಳಕೆರೆ, ಪಾವಗಡಗಳ ಮಳೆ ಕಡಿಮೆಯಿರುವ ಹೊಲಗಳಲ್ಲಿ ರೈತನ ಆಸರೆ ಕಡಲೆಕಾಯಿಯೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಕಂಡವರಿಗೆ ಇದು ಹೊರಗಿನಿಂದ ಬಂದ ಬೆಳೆಯೆಂದರೆ ನಂಬುವುದೇ ಕಷ್ಟ. ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ತೂಕದ ಅರ್ಧಕ್ಕೆ ಸಮೀಪ ಎಣ್ಣೆಯ ಅಂಶವಿದೆ. ಬಡವರ ಬಾದಾಮಿ ಎಂಬ ಹೆಸರು ಇದಕ್ಕೆ ಸುಮ್ಮನೆ ಬಂದದ್ದಲ್ಲ.

ಹುರಿಯುವ ಕೆಲಸ ಒಲೆಯ ಬಳಿ ಆರಂಭವಾಗುವುದಿಲ್ಲ, ಮೊರದಲ್ಲಿ ಆರಂಭವಾಗುತ್ತದೆ. ಕಾಲು ಕಿಲೋ ಬೀಜವನ್ನು ಹರಡಿ, ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ಎಸೆಯಬೇಕು. ಇದು ಕೇವಲ ಅಂದಕ್ಕಾಗಿ ಮಾಡುವ ಕೆಲಸವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಹೋದವು. ಅವುಗಳ ಆಹಾರದಲ್ಲಿ ಸೇರಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿದ್ದುದೇ ಕಾರಣವೆಂದು ವಿಜ್ಞಾನಿಗಳು ಕಂಡುಹಿಡಿದರು. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಮನುಷ್ಯರ ಪಿತ್ತಜನಕಾಂಗಕ್ಕೂ ಕೆಡುಕು ಮಾಡುತ್ತದೆ. ಹುರಿದ ಮಾತ್ರಕ್ಕೆ ಪೂರ್ಣವಾಗಿ ನಾಶವಾಗುವುದೂ ಇಲ್ಲ. ಆದ್ದರಿಂದ ಚೆನ್ನಾಗಿ ಒಣಗಿದ ಬೀಜವನ್ನೇ ಕೊಂಡು ಒಂದೊಂದು ಕಾಳನ್ನೂ ನೋಡಿ ಆರಿಸುವ ಕಣ್ಣು ನಮ್ಮ ಆರೋಗ್ಯದ ಕಾವಲುಗಾರ. ಅಜ್ಜಿಯರು ಮೊರ ಹಿಡಿದು ಕುಳಿತಾಗ ನಕ್ಕವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು ಒಲೆಯ ಕೆಲಸ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಡುವಿಲ್ಲದ ಕೈ, ಇವು ಮೂರೂ ಬೇಕು. ಉರಿ ಹೆಚ್ಚಾದರೆ ಸಿಪ್ಪೆ ಕರಿದಾಗುತ್ತದೆ, ಒಳಗಿನ ಬೇಳೆ ಹಸಿಯಾಗಿಯೇ ಉಳಿಯುತ್ತದೆ. ಹತ್ತು ಹನ್ನೆರಡು ನಿಮಿಷಗಳ ಬಳಿಕ ಚಿಟಚಿಟ ಸದ್ದು ಕೇಳಿಸುತ್ತದೆ, ಸಿಪ್ಪೆ ಬಿರಿಯುತ್ತದೆ, ಮನೆಯೆಲ್ಲ ಸುವಾಸನೆ ಹರಡುತ್ತದೆ. ಕಾಳಿನಲ್ಲಿರುವ ಸಕ್ಕರೆಗೂ ಸಸಾರಜನಕದ ಅಂಶಗಳಿಗೂ ಬಿಸಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೇ ಈ ಬಣ್ಣಕ್ಕೂ ಪರಿಮಳಕ್ಕೂ ಮೂಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಮಯಾರ್ 1912ರಲ್ಲಿ ಇದನ್ನು ವಿವರಿಸಿದನು. ಕಾಳು ಪೂರ್ಣ ಕೆಂಪಾಗುವ ಮೊದಲೇ ಬಾಣಲೆಯನ್ನು ಇಳಿಸಬೇಕು. ಏಕೆಂದರೆ ಒಳಗಿನ ಬಿಸಿ ಇಳಿಸಿದ ಮೇಲೂ ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಇಳಿಸುವುದಕ್ಕೆ ಎರಡು ನಿಮಿಷ ಮುಂಚೆ, ಅರ್ಧ ಚಮಚ ಉಪ್ಪನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಚಿಮುಕಿಸಬೇಕು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಕಾಳಿಗೆ ಅಂಟಿಕೊಳ್ಳುತ್ತದೆ. ಖಾರದ ರೀತಿ ಬೇರೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಸುಲಭವಾಗಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದುದರಿಂದ ಒಂದು ಚಮಚ ಎಣ್ಣೆ ಕಾಯಿಸಿ, ಚಿಟಿಕೆ ಇಂಗು ಹಾಕಿ, ಒಂದೆಳೆ ಕರಿಬೇವು ಗರಿಗರಿಯಾದ ಮೇಲೆ ಉರಿ ಆರಿಸಿ, ಆಮೇಲೆ ಒಂದು ಚಮಚ ಮೆಣಸಿನ ಪುಡಿ ಬೆರೆಸಿ ಕಾಳಿನ ಮೇಲೆ ಸುರಿಯಬೇಕು. ಉರಿಯ ಮೇಲಿರುವಾಗಲೇ ಪುಡಿ ಹಾಕಿದರೆ ಅದು ಸುಟ್ಟು ಮನೆಮಂದಿಯೆಲ್ಲ ಕೆಮ್ಮಬೇಕಾಗುತ್ತದೆ. ಪೂರ್ಣ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಾಗಿ ತುಂಬಿದರೆ ಒಳಗಿನ ಆವಿಯಿಂದ ಕಾಳು ಮೆತ್ತಗಾಗುತ್ತದೆ. ಮೊದಲ ಸಲ ಒಲೆಯ ಮುಂದೆ ನಿಲ್ಲುವಾಗ ಹಿರಿಯರೊಬ್ಬರು ಜೊತೆಗಿರಲಿ. ಕೆಲವರ ಶರೀರಕ್ಕೆ ಕಡಲೆಕಾಯಿ ಒಗ್ಗುವುದಿಲ್ಲ, ಅಪಾಯವನ್ನೂ ತರಬಹುದು. ಅಂಥವರಿಗೆ ಇದನ್ನು ಕೊಡಲೇಬಾರದು.

ಇಷ್ಟು ಕಷ್ಟವೇಕೆ, ಹಣ ಕೊಟ್ಟರೆ ಸಿಗುವುದಿಲ್ಲವೆ ಎಂಬುದು ಕೆಲವರ ವಾದ. ಕೊಂಡು ತಿನ್ನುವುದು ಪಾಪವೆಂದು ನಾನು ಹೇಳುವುದಿಲ್ಲ. ಬೀದಿಯ ಮೂಲೆಯಲ್ಲಿ ಬಿಸಿ ಮರಳಿನಲ್ಲಿ ಕಡಲೆಕಾಯಿ ಹುರಿದು, ಕಾಗದದ ಸುರುಳಿಯಲ್ಲಿ ಕೊಡುವವನು ಹದವನ್ನು ಬಲ್ಲ ಕುಶಲಿ. ಅವನ ಜೀವನವೂ ನಡೆಯಬೇಕು. ಆದರೆ ಪೊಟ್ಟಣದ ತಿಂಡಿಯಲ್ಲಿ ಉಪ್ಪು, ಎಣ್ಣೆಗಳ ಪ್ರಮಾಣವನ್ನು ನಿರ್ಧರಿಸುವವರು ನಾವಲ್ಲ. ಮನೆಯಲ್ಲಿ ಅದು ನಮ್ಮ ಕೈಯಲ್ಲಿದೆ. ಪೊಟ್ಟಣದ ಮೇಲೆ ಮುದ್ರಿಸಿದ ತೂಕ, ಬೆಲೆಗಳನ್ನು ಬೀಜದ ಬೆಲೆಯೊಡನೆ ಹೋಲಿಸಿ ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ.

ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ಲಾಭವುಂಟು. ತಾಯಿ ಹುರಿದುಕೊಟ್ಟದ್ದನ್ನು ತಿನ್ನುತ್ತ, ಉಪ್ಪು ಕಡಿಮೆಯೆಂದೂ ಖಾರ ಹೆಚ್ಚೆಂದೂ ಮುಖ ಸಿಂಡರಿಸುತ್ತಿದ್ದ ಬಾಲಕರಲ್ಲಿ ನಾನೂ ಒಬ್ಬ. ಒಂದು ದಿನ ನಾನೇ ಹುರಿಯಲು ನಿಂತೆ. ಕಿಟಕಿಯ ಹೊರಗೆ ಗೆಳೆಯರ ಆಟ ನೋಡುತ್ತ ಅರೆಗಳಿಗೆ ಮೈಮರೆತೆ, ಕಾಳೆಲ್ಲ ಸೀದುಹೋಯಿತು. ತಾಯಿ ಬೈಯಲಿಲ್ಲ, ಸೀದದ್ದನ್ನು ಬದಿಗಿಟ್ಟು ಬಾಣಲೆ ತೊಳೆದು ಮತ್ತೆ ನನ್ನ ಕೈಗೇ ಕೊಟ್ಟಳು. ದಿನವೂ ಮೂರು ಹೊತ್ತು ಆ ಒಲೆಯ ಮುಂದೆ ಅವಳು ಎಷ್ಟು ಎಚ್ಚರದಿಂದ ನಿಂತಿರುತ್ತಾಳೆ ಎಂಬುದು ನನಗೆ ಅಂದು ಅರಿವಾಯಿತು. ಅಡುಗೆಮನೆಯ ಭಾರ ಒಬ್ಬಳದೇ ಎಂದು ತಿಳಿದಿದ್ದ ನನ್ನ ಭಾವನೆಯೂ ಅಂದೇ ಅಳಿಯಿತು.

ಹದವೆಂಬುದು ಪುಸ್ತಕದಿಂದ ಪೂರ್ಣವಾಗಿ ಬರುವ ವಿದ್ಯೆಯಲ್ಲ. ಕಣ್ಣು, ಕಿವಿ, ಮೂಗು, ಕೈಗಳು ಒಂದಾಗಿ ದುಡಿದಾಗ ಮಾತ್ರ ಅದು ಒಲಿಯುತ್ತದೆ. ಒಂದೆರಡು ಸಲ ಸೀದರೂ ನಷ್ಟ ಅಲ್ಪ. ಬರುವ ಭಾನುವಾರ ಕಾಲು ಕಿಲೋ ಬೀಜ ತಂದು ಮೊರದಲ್ಲಿ ಹರಡಿಕೊಳ್ಳಿ. ಹುರಿದ ಮೇಲೆ ಮೊದಲ ಹಿಡಿಯನ್ನು, ಇಷ್ಟು ದಿನ ನಿಮಗಾಗಿ ಹುರಿದುಕೊಟ್ಟವರ ಕೈಗೆ ಕೊಡಿ.